ಗ್ಯಾರೇಜಿನಲ್ಲೊಂದು ಸಿನಿಮಾ ಕಾರು

ಅಮೆರಿಕಕ್ಕೆ ಹೋಗಿಬಂದವರೆಲ್ಲ ನಯಾಗರಾ ಜಲಪಾತದ ಬಗ್ಗೆಯೋ ಡಿಸ್ನಿಲ್ಯಾಂಡಿನ ಬಗ್ಗೆಯೋ ಬರೆಯುತ್ತಾರೆ. ನಾನು ನಯಾಗರಾ ನೋಡಲಿಲ್ಲ. 2024ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ಎಂಬ ಊರಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಕೆಲವು ವಾರ ಇದ್ದೆ. ಅದರಲ್ಲಿ ಅಡಿಗೆಮನೆ ಬಿಟ್ಟರೆ ನಾನು ಹೆಚ್ಚು ಹೊತ್ತು ಕಳೆದದ್ದು ಅವನ ಗ್ಯಾರೇಜಿನಲ್ಲಿ ಎಂದರೆ ನೀವು ನಗಬಹುದು. ಅಲ್ಲೊಂದು ಕಾರು ಇದೆ. ಸಿನಿಮಾದಲ್ಲಿ ಬಂದ ಕಾರಿನ ತದ್ರೂಪು. ನನ್ನ ತಮ್ಮ ನಾಲ್ಕು ವರ್ಷದಿಂದ ಅದನ್ನು ಕಟ್ಟುತ್ತಿದ್ದಾನೆ.

ಸಿನಿಮಾದ ಹೆಸರು 'ಬ್ಯಾಕ್ ಟು ದ ಫ್ಯೂಚರ್'. 1985ರ ಜುಲೈನಲ್ಲಿ ಬಿಡುಗಡೆಯಾದದ್ದು. ರಾಬರ್ಟ್ ಝೆಮೆಕಿಸ್ ನಿರ್ದೇಶನ. ಒಬ್ಬ ಅರೆಹುಚ್ಚ ವಿಜ್ಞಾನಿ ಕಾರೊಂದನ್ನು ಕಾಲಯಂತ್ರವಾಗಿ ಮಾಡುತ್ತಾನೆ. ಅದರಲ್ಲಿ ಕುಳಿತ ಹುಡುಗ 1955ಕ್ಕೆ ಹೋಗಿ, ಇನ್ನೂ ಮದುವೆಯಾಗದ ತನ್ನ ಅಪ್ಪ ಅಮ್ಮನನ್ನು ನೋಡುತ್ತಾನೆ. ನಾವು ಮೈಸೂರಿನಲ್ಲಿದ್ದಾಗ ಪಕ್ಕದ ಮನೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ಅದನ್ನು ನೋಡಿದ್ದೆವು. ನನಗೆ ಅರ್ಥವಾದದ್ದು ಅರ್ಧ. ತಮ್ಮನೋ, ಮಾರನೆಯ ದಿನವೇ ಅಮ್ಮನ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ!

ಕಾರಿನ ಹೆಸರು ಡಿಲೋರಿಯನ್. ಅದರದ್ದೇ ಒಂದು ದೊಡ್ಡ ಕಥೆ. ಜಾನ್ ಡಿಲೋರಿಯನ್ ಎಂಬ ಅಮೆರಿಕದವನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಪಕ್ಕದಲ್ಲಿ, ಬ್ರಿಟಿಷ್ ಸರ್ಕಾರದ ದುಡ್ಡಿನ ನೆರವಿನಿಂದ, ಕಾರ್ಖಾನೆ ಹಾಕಿದ. 1981ರಲ್ಲಿ ಶುರುವಾದ ಕಾರ್ಖಾನೆ 1982ರಲ್ಲಿ ದಿವಾಳಿ ಎದ್ದಿತು. ಒಟ್ಟು ತಯಾರಾದದ್ದು ಸುಮಾರು 9,000 ಕಾರು ಮಾತ್ರ. ಅಂದರೆ ಸಿನಿಮಾ ಬರುವ ಹೊತ್ತಿಗೆ ಆ ಕಂಪನಿಯೇ ಇರಲಿಲ್ಲ. ಬಾಗಿಲುಗಳು ಪಕ್ಕಕ್ಕೆ ತೆರೆಯುವುದಿಲ್ಲ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಮೇಲಕ್ಕೆ ಏಳುತ್ತವೆ. ಎಂಜಿನ್ನು ಹಿಂದೆ, ಸಾಮಾನು ಇಡುವ ಜಾಗ ಮುಂದೆ. ಸೀಟು ಎಷ್ಟು ತಗ್ಗಿನಲ್ಲಿದೆ ಎಂದರೆ, ಸೀರೆ ಉಟ್ಟುಕೊಂಡು ಒಳಗೆ ಕೂರುವುದು ಹೇಗೋ ಆಯಿತು, ಏಳುವುದಕ್ಕೆ ತಮ್ಮ ಕೈ ಹಿಡಿದು ಎಳೆಯಬೇಕಾಯಿತು.

ಆದರೆ ನನಗೆ ಆಪ್ತವೆನಿಸಿದ್ದು ಅದರ ಮೈ. ಬಣ್ಣವೇ ಇಲ್ಲ. ಪೂರ್ತಿ ಸ್ಟೈನ್‌ಲೆಸ್ ಸ್ಟೀಲಿನ ಹೊದಿಕೆ. ನಮ್ಮ ಒಳ್ಳೆಯ ಪಾತ್ರೆಗಳಿಗೆ ಬಳಸುವ 304 ಎಂಬ ನಮೂನೆಯ ಸ್ಟೀಲೇ ಅದು. ಮುಟ್ಟಿದರೆ ಬೆರಳ ಗುರುತು. ತಮ್ಮ ಭಾನುವಾರ ಬೆಳಿಗ್ಗೆ ಪಾತ್ರೆ ಉಜ್ಜುವ ಹಸಿರು ನಾರಿನಿಂದಲೇ ಅದನ್ನು ಉಜ್ಜುತ್ತಾನೆ. "ಗುಂಡಗೆ ಉಜ್ಜಬಾರದು ಅಕ್ಕ, ಗೆರೆ ಇರೋ ಕಡೆಗೇ ಎಳೀಬೇಕು" ಎಂದು ನನಗೇ ಪಾಠ ಹೇಳಿದ. ಮದುವೆಯಾದಾಗಿನಿಂದ ಪಾತ್ರೆ ತೊಳೆಯುತ್ತಿರುವವಳಿಗೆ! ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಮನೆ ಪಾತ್ರೆ ಒಂದು ದಿನ ಉಜ್ಜಿದ್ದು ನೋಡಿಲ್ಲ ಅತ್ತಿಗೆ" ಎಂದಳು.

ಮೊದಲು ಸಿನಿಮಾದವರು ಕಾಲಯಂತ್ರವನ್ನು ಫ್ರಿಜ್ಜಿನಲ್ಲಿ ಮಾಡಬೇಕೆಂದಿದ್ದರಂತೆ. ಆಮೇಲೆ, ಸಿನಿಮಾ ನೋಡಿದ ಮಕ್ಕಳು ಮನೆಯ ಫ್ರಿಜ್ಜಿನೊಳಗೆ ಕೂತು ಬಾಗಿಲು ಹಾಕಿಕೊಂಡರೆ ಗತಿಯೇನು ಎಂಬ ಭಯದಿಂದ ಅದನ್ನು ಬಿಟ್ಟು ಕಾರಿಗೆ ಬದಲಾಯಿಸಿದರು. ಈ ಒಂದು ವಿಚಾರಕ್ಕೆ ಆ ಮಹನೀಯರ ಮೇಲೆ ನನಗೆ ಗೌರವ ಹುಟ್ಟಿತು.

ಮೊದಲನೆಯ ಚಿತ್ರಕ್ಕೆ ಮೂರು ಕಾರು ತಂದು, ಅದರ ಮೇಲೆ ಗುಜರಿ ಸಾಮಾನು ಹೇರಿದರು. ಹಳೆಯ ವಿಮಾನದ ಬಿಡಿಭಾಗ, ವೈರು, ಕೊಳವೆ, ಬಟನ್ನು, ಕೈಗೆ ಸಿಕ್ಕಿದ್ದೆಲ್ಲ. ಹಿಂಭಾಗದಲ್ಲಿ ಅಣುಶಕ್ತಿ ಯಂತ್ರ ಎಂದು ತೋರಿಸಿರುವುದರ ಮೇಲೆ ಕೂತಿರುವುದು ಡಾಡ್ಜ್ ಪೊಲಾರಾ ಎಂಬ ಬೇರೊಂದು ಕಾರಿನ ಚಕ್ರದ ತಟ್ಟೆ! ಅಲ್ಲಲ್ಲಿ ಅಂಟಿಸಿರುವ ಎಚ್ಚರಿಕೆಯ ಪಟ್ಟಿಗಳು ನಾವು ಡಬ್ಬಿಗಳಿಗೆ ಹೆಸರು ಅಂಟಿಸುತ್ತಿದ್ದ ಪ್ಲಾಸ್ಟಿಕ್ ಟೇಪಿನವು. ಇನ್ನು ಕಥೆಯ ಕೊನೆಯಲ್ಲಿ ವಿಜ್ಞಾನಿ ಭವಿಷ್ಯದಿಂದ ವಾಪಸು ಬಂದು ಕಸದ ಡಬ್ಬ ಕೆದಕಿ ಬಾಳೆಹಣ್ಣಿನ ಸಿಪ್ಪೆಯನ್ನು ಕಾರಿಗೆ ಹಾಕುತ್ತಾನಲ್ಲ, ಕಸದಿಂದ ಶಕ್ತಿ ಮಾಡುವ 'ಮಿಸ್ಟರ್ ಫ್ಯೂಷನ್' ಎಂಬ ಆ ಯಂತ್ರ, ಅದು ಕ್ರುಪ್ಸ್ ಎಂಬ ಹೆಸರಿನ ಕಾಫಿಬೀಜ ಪುಡಿ ಮಾಡುವ ಮೆಷಿನ್ನು. ಯಾರದೋ ಅಡಿಗೆಮನೆಯ ಸಾಮಾನು.

ಸೋಜಿಗ ಇರುವುದು ಇಲ್ಲೇ. ಅವರು ಸಿಕ್ಕಿದ್ದನ್ನು ಹಾಕಿದರು, ಮುಗಿಯಿತು. ತದ್ರೂಪು ಮಾಡುವವನು ಹಾಗೆ ಹಾಕುವಂತಿಲ್ಲ. ಅದೇ ವರ್ಷದ ಅದೇ ತಟ್ಟೆ, ಅದೇ ಕಂಪನಿಯ ಅದೇ ಕಾಫಿ ಮೆಷಿನ್ನು ಬೇಕು. ಆ ಮೆಷಿನ್ನು ಈಗ ಅಂಗಡಿಯಲ್ಲಿಲ್ಲ. ಹಳೆ ಸಾಮಾನು ಮಾರುವವರ ಹತ್ತಿರ ಹುಡುಕಬೇಕು; ಹುಡುಕುವವರು ಹೆಚ್ಚಾದ ಮೇಲೆ ಬೆಲೆಯೂ ಏರಿದೆ. ಜೊತೆಗೆ ಇನ್ನೊಂದು ಪೇಚಾಟ: ಸಿನಿಮಾದಲ್ಲಿ ಬಳಸಿದ್ದು ಮೂರು ಕಾರಾದ್ದರಿಂದ ಒಂದು ದೃಶ್ಯದಲ್ಲಿ ಇದ್ದ ಹಾಗೆ ಇನ್ನೊಂದು ದೃಶ್ಯದಲ್ಲಿ ಇರುವುದಿಲ್ಲ. ಯಾವುದು ಸರಿ? ತಮ್ಮ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾನೆ, ನೋಟ್ ಬುಕ್ಕಿನಲ್ಲಿ ಬರೆಯುತ್ತಾನೆ. ಆ ಕಾರಿನ ವೇಗ ತೋರಿಸುವ ಮುಳ್ಳು ಗಂಟೆಗೆ 85 ಮೈಲಿಗೇ ಮುಗಿಯುತ್ತದೆ, ಅಮೆರಿಕದ ಅಂದಿನ ಕಾನೂನು ಹಾಗಿತ್ತು. ಕಥೆಯಲ್ಲಿ ಕಾಲ ದಾಟಬೇಕಾದರೆ 88 ಮೈಲಿ ಬೇಕು. ಅದಕ್ಕಾಗಿ ಸಿನಿಮಾದವರು 95ರವರೆಗಿನ ಬೇರೆ ಮೀಟರು ಹಾಕಿದರು, ಇವನೂ ಹಾಕಿದ್ದಾನೆ. ಕಾರು ಗ್ಯಾರೇಜಿನಿಂದ ಬೀದಿಯ ತುದಿಗೆ ಹೋಗಿ ಬಂದರೆ ಅದೇ ದೊಡ್ಡದು, ಅದಕ್ಕೆ 95ರ ಮೀಟರು!

ಬೆಲೆ ಎಷ್ಟಾಯಿತೋ ಎಂದು ಒಂದು ಸಲ ಕೇಳಿದೆ. ಡಾಲರನ್ನು ರೂಪಾಯಿಗೆ ಗುಣಿಸಿ ನೋಡಿ ಮತ್ತೆ ಕೇಳಲಿಲ್ಲ. ಇಂಥ ಅಪರೂಪದ ಕಾರನ್ನು ಕೊರೆದು ತೂತು ಮಾಡುವುದು ಸರಿಯೇ ಎಂದೂ ನನಗನ್ನಿಸಿತ್ತು; ಇರುವುದೇ ಕೆಲವು ಸಾವಿರ. ಇವನದು ಓಡದೆ ವರ್ಷಗಟ್ಟಲೆ ಯಾರದೋ ಹಿತ್ತಿಲಲ್ಲಿ ನಿಂತಿದ್ದ ಕಾರಂತೆ. ಚೆನ್ನಾಗಿ ಓಡುತ್ತಿದ್ದ ಗಾಡಿಯಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ.

ನಾನು ಹೋದ ವಾರವೇ ತಮ್ಮನ ಹೆಂಡತಿ ಅಡಿಗೆಮನೆಯಲ್ಲಿ ಗುಟ್ಟಾಗಿ ಹೇಳಿದಳು: "ಅತ್ತಿಗೆ, ನಾನು ಹೇಳಿ ಹೇಳಿ ಸಾಕಾಯ್ತು. ನನ್ನ ಕಾರು ನಾಲ್ಕು ವರ್ಷದಿಂದ ಬೀದೀಲಿ ನಿಂತಿದೆ. ಶನಿವಾರ, ಭಾನುವಾರ ಅಂದ್ರೆ ಇವರು ಅಲ್ಲೇ. ಮಗ ಹೋಂವರ್ಕ್ ಕೇಳೋಕ್ಕೂ ಗ್ಯಾರೇಜಿಗೇ ಹೋಗ್ಬೇಕು. ನೀವು ಹೇಳಿದ್ರೆ ಕೇಳ್ತಾರೆ. ಮಾರಿಬಿಡು ಅಂತ ಒಂದು ಮಾತು ಹೇಳಿ." ಅವಳ ಕಣ್ಣಲ್ಲಿ ನೀರಿತ್ತು. ನ್ಯಾಯ ಅವಳ ಕಡೆಗೇ ಇದೆ ಎನ್ನಿಸಿತು. ಸರಿ, ಸಮಯ ನೋಡಿ ಹೇಳುತ್ತೇನೆ ಎಂದೆ.

ಸಮಯ ಬರುವ ಮೊದಲೇ ನಾನೊಂದು ಅನಾಹುತ ಮಾಡಿದೆ.

ತಮ್ಮನಿಗೆ ಅಮ್ಮನ ಕೈ ಸಾರು ಬೇಕು ಎಂದು ಆಸೆ. ನಾನು ಕಟ್ಟಿಕೊಂಡು ಹೋಗಿದ್ದ ಸಾರಿನಪುಡಿ ಉಂಡು, "ಚೆನ್ನಾಗಿದೆ, ಆದ್ರೆ ಅಮ್ಮನ ಥರ ಇಲ್ಲ" ಎಂದ. ರೋಷ ಬಂತು. ಮಾರನೆಯ ದಿನ ಎಲ್ಲರೂ ಹೊರಗೆ ಹೋದ ಮೇಲೆ ಕೊತ್ತಂಬರಿ ಬೀಜ, ಮೆಣಸು, ಜೀರಿಗೆ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಹದವಾಗಿ ಹುರಿದು, ಅರಿಶಿನ ಸೇರಿಸಿ ಪುಡಿಗೆ ಸಿದ್ಧ ಮಾಡಿದೆ. ನೋಡಿದರೆ ಮಿಕ್ಸಿಯ ಚಿಕ್ಕ ಜಾರಿನ ಬ್ಲೇಡು ಮುರಿದಿದೆ. ಕಟ್ಟೆಯ ಮೂಲೆಯಲ್ಲಿ, ಶುಭ್ರವಾಗಿ ತೊಳೆದು ಬೋರಲು ಹಾಕಿದ ಬಿಳಿಯ ಕಾಫಿ ಮೆಷಿನ್ನು ಕಂಡಿತು. ಕಾಫಿಬೀಜ ಪುಡಿಯಾಗುವುದಾದರೆ ಕೊತ್ತಂಬರಿ ಯಾವ ಲೆಕ್ಕ! ಪ್ಲಗ್ಗು ಚುಚ್ಚಿದೆ. ಮೊದಲ ಹಿಡಿ ಚೆನ್ನಾಗಿಯೇ ಬಂತು. ಎರಡನೆಯದಕ್ಕೆ ಮೆಣಸಿನಕಾಯಿ ಸಿಪ್ಪೆ ಹಲ್ಲಿಗೆ ಸಿಕ್ಕಿ ಗೊರ್ ಎಂದು ನಿಂತಿತು.

ಮಧ್ಯಾಹ್ನ ಬಂದ ತಮ್ಮ ಅದನ್ನು ನೋಡಿ ಮಾತೇ ಆಡಲಿಲ್ಲ. ಸ್ಟೂಲಿನ ಮೇಲೆ ಕೂತ. ಆಮೇಲೆ ಮೆಲ್ಲಗೆ, "ಅಕ್ಕಾ, ಅದು ಕಾಫಿ ಮೆಷಿನ್ನಲ್ಲ ಕಣೇ, ಮಿಸ್ಟರ್ ಫ್ಯೂಷನ್ನು" ಎಂದ. ಎರಡು ವರ್ಷ ಹುಡುಕಿ ತರಿಸಿದ್ದಂತೆ. ಕಾರಿಗೆ ಕೂರಿಸುವ ಮೊದಲು ಸಿಂಕಿನಲ್ಲಿ ತೊಳೆದಿಟ್ಟಿದ್ದನಂತೆ. ಮೈಯೆಲ್ಲ ಅರಿಶಿನದ ಹಳದಿ, ಮೆಣಸಿನ ಕೆಂಪು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಂಥ ಕೆಲಸ ಮಾಡಿದವಳು ಇನ್ನು ಯಾವ ಮುಖ ಇಟ್ಟುಕೊಂಡು 'ಕಾರು ಮಾರು' ಎಂದು ಹೇಳಲಿ?

ಅವನು ಅಲ್ಲಿಯ ಯಾವ ಯಾವುದೋ ದ್ರಾವಣ ಹಾಕಿ ಉಜ್ಜಲು ಹೊರಟ. ನಾನು ಬಿಡಲಿಲ್ಲ. ಅರಿಶಿನದ ಕಲೆ ಉಜ್ಜಿದರೆ ಹೋಗುವುದಿಲ್ಲ, ಬಿಸಿಲಿಗೆ ಇಟ್ಟರೆ ಹೋಗುತ್ತದೆ. ಇದು ನಮ್ಮಲ್ಲಿ ಬಿಳಿ ಪಂಚೆ ಒಗೆದವರಿಗೆಲ್ಲ ಗೊತ್ತು. ಮೆಷಿನ್ನು ಬಿಚ್ಚಿಸಿ, ಹಲ್ಲಿನ ಸಂದಿಯ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಹೊದಿಕೆಯನ್ನು ಸೋಪುನೀರಿನಲ್ಲಿ ತೊಳೆದು ಹಿತ್ತಿಲ ಮೇಜಿನ ಮೇಲಿಟ್ಟೆ. ಆದರೆ ಜೂನ್ ತಿಂಗಳಲ್ಲಿ ಆ ಕಡಲತೀರದ ಸೀಮೆಯಲ್ಲಿ ಬೆಳಿಗ್ಗೆಯೆಲ್ಲ ಮೋಡ! ಕ್ಯಾಲಿಫೋರ್ನಿಯಾ ಎಂದರೆ ಬಿಸಿಲು ಎಂದುಕೊಂಡು ಹೋದವಳು, ದಿನವೂ ಹನ್ನೆರಡು ಗಂಟೆಯವರೆಗೆ ಆಕಾಶ ನೋಡುತ್ತಾ ಕಾಯಬೇಕಾಯಿತು. ಮಧ್ಯಾಹ್ನದ ಬಿಸಿಲಿಗೆ ತಿರುವಿ ತಿರುವಿ ಇಟ್ಟೆ. ನಾಲ್ಕನೆಯ ದಿನಕ್ಕೆ ಹಳದಿ ಇಳಿಯಿತು. ಮುಚ್ಚಳದ ಒಳಗಡೆ ಮಾತ್ರ ಬೆರಳಗಲ ಕೆಂಪು ಉಳಿಯಿತು. ಅದು ಮೆಣಸಿನಕಾಯಿಯದು, ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ.

ಆ ಶನಿವಾರ ತಮ್ಮ ತಾನಾಗಿಯೇ, "ಬಾ ಅಕ್ಕ, ನಿಜವಾದ ಕಾರು ತೋರಿಸ್ತೀನಿ" ಎಂದ. ನನ್ನ ಮನಸ್ಸು ಹಗುರ ಮಾಡಲು ಹೇಳಿದ್ದಿರಬೇಕು. ಅವನ ಹೆಂಡತಿಯೂ ಮಗನೂ ಬಂದರು.

ಮೊದಲು ಪ್ಯಾಸಡೀನಾ ಊರಿನ ಗ್ಯಾಂಬಲ್ ಹೌಸಿಗೆ ಹೋದೆವು. ಚಿತ್ರದಲ್ಲಿ 1955ರ ವಿಜ್ಞಾನಿಯ ಮನೆ ಎಂದು ಹೊರಗಿನಿಂದ ತೋರಿಸುವುದು ಇದನ್ನೇ. 1908ರಲ್ಲಿ ಗ್ರೀನ್ ಸೋದರರು ಎಂಬ ಶಿಲ್ಪಿಗಳು ಕಟ್ಟಿದ್ದು. ಕಟ್ಟಿಸಿದವರು ಸೋಪಿಗೆ ಹೆಸರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಮನೆತನದವರು. ಮರದ ಕೆಲಸ ನೋಡಿದರೆ ನಮ್ಮ ಮಲೆನಾಡಿನ ತೊಟ್ಟಿಮನೆ ನೆನಪಾಯಿತು. ಒಂದೊಂದು ತೊಲೆಯ ಅಂಚನ್ನೂ ಕೈಯಿಂದ ಉಜ್ಜಿ ದುಂಡಗೆ ಮಾಡಿದ್ದಾರೆ. ನನ್ನನ್ನು ಬಿಟ್ಟಿದ್ದರೆ ದಿನವೆಲ್ಲ ಅಲ್ಲೇ ಇರುತ್ತಿದ್ದೆ.

ಅಲ್ಲಿಂದ ಲಾಸ್ ಏಂಜಲೀಸಿನ ವಿಲ್ಷೈರ್ ರಸ್ತೆಯಲ್ಲಿರುವ ಪೀಟರ್ಸನ್ ಮೋಟಾರು ಸಂಗ್ರಹಾಲಯ. ಹಿಂದೆ ಅದು ದೊಡ್ಡ ಜವಳಿ ಅಂಗಡಿಯಾಗಿತ್ತಂತೆ. ಪತ್ರಿಕೆ ನಡೆಸುತ್ತಿದ್ದ ಪೀಟರ್ಸನ್ ದಂಪತಿಗಳ ಹೆಸರಿನಲ್ಲಿ 1994ರಲ್ಲಿ ಸಂಗ್ರಹಾಲಯವಾಯಿತು. 2015ರಲ್ಲಿ ಹೊಸದಾಗಿ ಮಾಡಿದಾಗ ಕೆಂಪು ಗೋಡೆಯ ಸುತ್ತ ಸ್ಟೀಲಿನ ಅಗಲವಾದ ಪಟ್ಟಿಗಳನ್ನು ಸುತ್ತಿದ್ದಾರೆ. ದೂರದಿಂದ ನೋಡಿದರೆ ಯಾರೋ ದೈತ್ಯನೊಬ್ಬ ಕೆಂಪು ಡಬ್ಬಿಗೆ ರಿಬ್ಬನ್ನು ಕಟ್ಟಲು ಹೋಗಿ ಅರ್ಧಕ್ಕೆ ಬಿಟ್ಟ ಹಾಗಿದೆ.

ಒಳಗೆ ಆ ಕಾರು. ಮೂರರಲ್ಲಿ ಮುಖ್ಯವಾಗಿದ್ದದ್ದು, ಹತ್ತಿರದ ದೃಶ್ಯಗಳಿಗೆ ಬಳಸಿದ್ದು. ಮೈಯ ಉದ್ದಕ್ಕೂ ವೈರುಗಳು, ಎಲ್ಲವೂ ತಮ್ಮನ ಗ್ಯಾರೇಜಿನಲ್ಲಿ ನೋಡಿದ್ದೇ. ನನಗೆ ಅಯ್ಯೋ ಇಷ್ಟೇನಾ ಎನ್ನಿಸಿತು ಎಂದರೆ ಸುಳ್ಳಲ್ಲ. ತಮ್ಮ ಮಾತ್ರ ನೆಲಕ್ಕೆ ಬಗ್ಗಿ, ಒಂದೊಂದು ಕೊಳವೆಯನ್ನೂ ನೋಡುತ್ತಾ, ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಕಾವಲುಗಾರನಿಗೆ ಇಂಥವರು ಹೊಸಬರಲ್ಲವೆಂದು ಕಾಣುತ್ತದೆ, ಸುಮ್ಮನೆ ನಕ್ಕ. 2021ರಲ್ಲಿ ಇದನ್ನು ಆ ದೇಶದ ಚಾರಿತ್ರಿಕ ವಾಹನಗಳ ದಾಖಲೆಗೂ ಸೇರಿಸಿದರಂತೆ.

ಅಲ್ಲಿಯೇ ಬೆಂಚಿನ ಮೇಲೆ ಕೂತು ತಮ್ಮ ಹೇಳಿದ ಸಂಗತಿ ನನ್ನ ಎಣಿಕೆಯನ್ನೇ ತಲೆಕೆಳಗು ಮಾಡಿತು. ಈ ಅಸಲಿ ಕಾರು ಎಷ್ಟೋ ವರ್ಷ ಯೂನಿವರ್ಸಲ್ ಸ್ಟುಡಿಯೋದ ಬಯಲಲ್ಲಿ ಬಿಸಿಲು ಮಳೆಯಲ್ಲಿ ನಿಂತಿತ್ತು. ನೋಡಲು ಬಂದವರು ನೆನಪಿಗೆಂದು ಒಂದೊಂದು ಚೂರು ಕಿತ್ತುಕೊಂಡು ಹೋದರು. ಕೊನೆಗೆ ಗುರುತು ಸಿಗದಷ್ಟು ಹಾಳಾದಾಗ, ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಬಾಬ್ ಗೇಲ್ ಪಟ್ಟುಹಿಡಿದು ಅದನ್ನು ಸರಿಮಾಡಿಸಿದರು. ಸರಿಮಾಡಿದವರು ಯಾರು ಅಂತೀರಿ? ತಮ್ಮ ತಮ್ಮ ಮನೆಗಳಲ್ಲಿ ತದ್ರೂಪು ಕಟ್ಟುತ್ತಿದ್ದ ಅಭಿಮಾನಿಗಳು! ಯಾವ ಕೊಳವೆ ಎಲ್ಲಿಂದ ಬಂದದ್ದು, ಯಾವ ಪಟ್ಟಿ ಎಲ್ಲಿ ಅಂಟಿತ್ತು ಎಂಬುದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಕಳೆದುಹೋದದ್ದನ್ನೆಲ್ಲ ಅವರು ಹುಡುಕಿ ತಂದು, ಸುಮಾರು ಒಂದು ವರ್ಷ ದುಡಿದು ಅಸಲಿಯನ್ನು ಮತ್ತೆ ಅಸಲಿ ಮಾಡಿದರು. ನಕಲು ಮಾಡುವ ಹುಚ್ಚರು ಇಲ್ಲದಿದ್ದರೆ ನೋಡಲು ಅಸಲಿಯೇ ಇರುತ್ತಿರಲಿಲ್ಲ.

"ಅಮ್ಮ ಸಾರಿನಪುಡಿಗೆ ಅಳತೆ ಇಟ್ಟಿದ್ಳಾ?" ಎಂದು ತಮ್ಮ ಕೇಳಿದ. ಇಲ್ಲ. ಮನೇಲಿ ಇದ್ದದ್ದು ಹಾಕುತ್ತಿದ್ದಳು. ಒಂದು ಸಲ ಕರಿಬೇವು ಜಾಸ್ತಿ, ಒಂದು ಸಲ ಮೆಂತ್ಯ ಕಡಿಮೆ. ನಾನು ಅವಳು ಹೋದಮೇಲೆ ಲೋಟ ಇಟ್ಟುಕೊಂಡು ಅಳೆದು ಅಳೆದು ಮಾಡುತ್ತಿದ್ದೇನೆ. "ನೋಡು ಮತ್ತೆ" ಎಂದ ತಮ್ಮ. ಅವನ ಹೆಂಡತಿ ಮಾತ್ರ, "ಸ್ಟುಡಿಯೋದವರೇ ನೋಡ್ಕೊಳ್ಳಲಿಲ್ವಂತೆ, ನಮ್ಮನೇದನ್ನ ಯಾರು ನೋಡ್ಕೋತಾರೋ" ಎಂದು ಗೊಣಗಿದಳು. ಅದೂ ಸುಳ್ಳಲ್ಲ. ವಾಪಸು ಮನೆಗೆ ಎಪ್ಪತ್ತು ಕಿಲೋಮೀಟರು. ಯಾರೂ ಹೆಚ್ಚು ಮಾತಾಡಲಿಲ್ಲ.

ಮಾರನೆಯ ದಿನ ತಮ್ಮನ ಮಗ ನನ್ನನ್ನು ಕಾರಿನೊಳಗೆ ಕೂರಿಸಿಕೊಂಡು ಆಟ ತೋರಿಸುತ್ತಿದ್ದ. ಎದುರಿಗೆ ಮೂರು ಸಾಲು ದೀಪದ ಅಂಕಿಗಳು: ಹೋಗಬೇಕಾದ ದಿನ ಕೆಂಪಿನಲ್ಲಿ, ಇವತ್ತಿನ ದಿನ ಹಸಿರಿನಲ್ಲಿ, ಹೊರಟುಬಂದ ದಿನ ಹಳದಿಯಲ್ಲಿ. ಸಿನಿಮಾದಲ್ಲಿ ಇರುವಂತೆ ಕೆಂಪು ಸಾಲಿನಲ್ಲಿ 1955ರ ನವೆಂಬರ್ 5 ಇತ್ತು. "ಬೇರೆ ತಾರೀಕು ಹಾಕಬಹುದೇನೋ?" ಎಂದೆ. "ಹಾಕಬಹುದು ಅತ್ತೆ. ಅಪ್ಪ ರಾತ್ರಿ ಒಬ್ರೇ ಕೂತಿದ್ದಾಗ ಬೇರೆ ಹಾಕ್ಕೋತಾರೆ. ಆಮೇಲೆ ಬದಲಾಯಿಸ್ತಾರೆ" ಎಂದು ಮಗು ಪಟಪಟನೆ ಗುಂಡಿ ಒತ್ತಿದ. ಕೆಂಪು ದೀಪದಲ್ಲಿ ಮೂಡಿದ್ದು 2020ರ ಮೇ 14.

ನಮ್ಮ ಅಮ್ಮ ತೀರಿಕೊಂಡದ್ದು 2020ರ ಮೇ 16ರಂದು. ಆ ಮಾರ್ಚಿಯಲ್ಲೇ ಹೊರದೇಶದ ವಿಮಾನಗಳೆಲ್ಲ ನಿಂತಿದ್ದವು. ಮೈಸೂರಿನಲ್ಲಿ ನಾನೊಬ್ಬಳೇ ಎಲ್ಲ ಮಾಡಿದೆ. ತಮ್ಮ ಫೋನಿನ ತೆರೆಯಲ್ಲಿ ನೋಡಿದ, ಅಷ್ಟೇ. ಹೊರಟು ಬರಲು ಎರಡು ದಿನ ಬೇಕು. ನಾನು ಆ ಕಾರಿನಿಂದ ಇಳಿಯಲು ಬಹಳ ಹೊತ್ತು ತೆಗೆದುಕೊಂಡೆ. ಸೀಟು ತಗ್ಗು ಎಂದು ಮಗುವಿಗೆ ಹೇಳಿದೆ.

ತಮ್ಮನಿಗೆ ಏನೂ ಹೇಳಲಿಲ್ಲ. ಅವನ ಹೆಂಡತಿಗೆ ಹೇಳಿದೆ, ಸಂಜೆ ಸೊಪ್ಪು ಬಿಡಿಸುವಾಗ. ಅವಳಿಗೆ ಗೊತ್ತಿರಲಿಲ್ಲ. ಸುಮಾರು ಹೊತ್ತು ಸುಮ್ಮನಿದ್ದು, "ನನ್ಹತ್ರ ಒಂದು ಮಾತೂ ಆಡಿಲ್ಲ ಅತ್ತಿಗೆ" ಎಂದಳು. ಸಿಟ್ಟೋ ದುಃಖವೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು. ಆ ರಾತ್ರಿ ಊಟವಾದ ಮೇಲೆ ಅವಳು ಗ್ಯಾರೇಜಿಗೆ ಹೋದವಳು ಬಹಳ ಹೊತ್ತು ವಾಪಸು ಬರಲಿಲ್ಲ. ನಾನು ಮಗುವನ್ನು ಮಲಗಿಸಿದೆ.

ಕಾರು ಮಾರುವ ಮಾತು ಮತ್ತೆ ಬರಲಿಲ್ಲ. ಹಾಗೆಂದು ಅವಳು ಪೂರ್ತಿ ಬಿಟ್ಟುಕೊಟ್ಟಳು ಎಂದುಕೊಳ್ಳಬೇಡಿ. ತಿಂಗಳಿಗೆ ಇಷ್ಟೇ ಖರ್ಚು ಎಂದು ಕರಾರಾಯಿತು. ಹಾಲಿನ ಲೆಕ್ಕದ ಹಾಗೆ ಒಂದು ಪುಸ್ತಕದಲ್ಲಿ ಬರೆಯಬೇಕು. ಅದಕ್ಕೆ ಮೊದಲ ಪುಟದ ಗೆರೆ ಹಾಕಿಕೊಟ್ಟವಳು ನಾನೇ. ಭಾನುವಾರ ಮಧ್ಯಾಹ್ನದ ಮೇಲೆ ಗ್ಯಾರೇಜಿಗೆ ಬೀಗ. ಗೋಡೆಯ ಕಪಾಟುಗಳನ್ನೆಲ್ಲ ತೆಗೆದು ಡಿಲೋರಿಯನ್ನನ್ನು ಒಂದು ಪಕ್ಕಕ್ಕೆ ಸರಿಸಿದ ಮೇಲೆ ಅವಳ ಕಾರಿಗೂ ಜಾಗವಾಯಿತು. ಆದರೆ ಎರಡು ಕಾರಿನ ಮಧ್ಯೆ ಓಡಾಡಬೇಕಾದರೆ ಹೊಟ್ಟೆ ಒಳಗೆಳೆದುಕೊಳ್ಳಬೇಕು. ಹಕ್ಕಿರೆಕ್ಕೆಯ ಬಾಗಿಲಿನ ಉಪಯೋಗ ನನಗೆ ಆಗ ತಿಳಿಯಿತು. ಪಕ್ಕದ ಕಾರಿಗೆ ತಾಗುವುದಿಲ್ಲ.

ನಾನು ಹೊರಡುವ ಹಿಂದಿನ ದಿನ ಮಿಸ್ಟರ್ ಫ್ಯೂಷನ್ನನ್ನು ಕಾರಿನ ಹಿಂಭಾಗಕ್ಕೆ ಕೂರಿಸಿದರು. ಸ್ಕ್ರೂ ಹಿಡಿದುಕೊಂಡದ್ದು ತಮ್ಮನ ಹೆಂಡತಿ. ಮುಚ್ಚಳದ ಒಳಗಿನ ಕೆಂಪು ಕಲೆಗೆ ಬಣ್ಣ ಹೊಡೆಯಲೇ ಎಂದು ತಮ್ಮ ಕೇಳಿದ್ದಕ್ಕೆ, "ಹೊರಗೆ ಕಾಣಲ್ಲ, ಬಿಡಿ" ಎಂದಳು. ಮಗ ಬಾಳೆಹಣ್ಣಿನ ಸಿಪ್ಪೆ ತಂದು ಅದರೊಳಗೆ ಹಾಕಿದ. ಅದನ್ನು ತೆಗೆಯಲು ನಾನು ಬಗ್ಗಿದಾಗ ಕೊತ್ತಂಬರಿ, ಮೆಂತ್ಯದ ವಾಸನೆ ಇನ್ನೂ ಹಾಗೇ ಇತ್ತು.